ಒಲೆ ಹಚ್ಚದ ಸಿಹಿ: ಬೆಂಕಿ ಬೇಡ ಎಂದರೆ ಎಚ್ಚರಿಕೆಯೂ ಬೇಡವೇ?

ಪರೀಕ್ಷೆ ಮುಗಿದು ಮಕ್ಕಳು ಮನೆಯಲ್ಲಿ ಕೂತ ಕೂಡಲೇ ವಾಟ್ಸಾಪ್ ಗುಂಪುಗಳಿಗೆ ಒಂದು ಬಗೆಯ ವಿಡಿಯೊಗಳು ಬರತೊಡಗುತ್ತವೆ. "ಒಲೆ ಬೇಡ, ಓವನ್ ಬೇಡ, ಹತ್ತೇ ನಿಮಿಷ, ಮಕ್ಕಳೇ ಮಾಡಬಹುದು!" ಈಸ್ಟರ್ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವಿನ ಒಂದು ಭಾನುವಾರ ಬರುವುದರಿಂದ, ಈ ದಿನಗಳಲ್ಲಿ ಬಣ್ಣಬಣ್ಣದ ಮೊಟ್ಟೆಯಾಕಾರದ ಸಿಹಿ, ಹಕ್ಕಿಗೂಡಿನಂಥ ಚಾಕೊಲೇಟ್, ಮೊಲದ ಮುಖದ ಕೇಕುಗಳ ವಿಡಿಯೊಗಳೂ ಸೇರಿಕೊಳ್ಳುತ್ತವೆ. ಹಬ್ಬ ಯಾರದಾದರೇನು, ಅಂಥ ಸಿಹಿ ಮಾಡುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ.

ಒಲೆ ಹಚ್ಚದ ಸಿಹಿ ಮಕ್ಕಳಿಗೆ ಒಳ್ಳೆಯದೇ. ಬಿಸಿ ಎಣ್ಣೆ ಸಿಡಿಯುವ, ಕುದಿಯುವ ಪಾಕ ಮೈಮೇಲೆ ಬೀಳುವ ಭಯವಿಲ್ಲ. ಆದರೆ ವಿಡಿಯೊ ಹಂಚುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ. ಬೆಂಕಿ ಅಡುಗೆಯನ್ನು ಬೇಯಿಸುವುದಷ್ಟೇ ಅಲ್ಲ, ರೋಗಾಣುಗಳನ್ನೂ ಕೊಲ್ಲುತ್ತದೆ. ಬೆಂಕಿಯನ್ನೇ ತೆಗೆದುಬಿಟ್ಟರೆ ಆ ಕೆಲಸ ಯಾರು ಮಾಡುತ್ತಾರೆ?

ಇದಕ್ಕೆ ಉತ್ತರ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಅಡುಗೆಮನೆಗಳಲ್ಲೇ ಇದೆ.

ನಮ್ಮಲ್ಲಿ ಇದು ಹೊಸದಲ್ಲ

ಚಳ್ಳಕೆರೆಗೆ 'ಎಣ್ಣೆ ನಗರಿ' ಎಂಬ ಹೆಸರು ಬಂದದ್ದು ಶೇಂಗಾದಿಂದ. ಮಳೆ ಕಡಿಮೆ ಬೀಳುವ ಈ ಎರಡು ತಾಲ್ಲೂಕುಗಳ ಹೊಲದಲ್ಲಿ ಶೇಂಗಾ ಇದೆ, ಮನೆಯ ಡಬ್ಬದಲ್ಲಿ ಶೇಂಗಾ ಉಂಡೆ ಇದೆ. ನಾಗರ ಪಂಚಮಿಯ ದಿನ ಒಲೆಯ ಮೇಲೆ ಬಾಣಲೆ ಇಡಬಾರದು, ಕರಿಯಬಾರದು, ಹುರಿಯಬಾರದು ಎಂಬ ನೇಮ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿದೆ. ಆ ಹಬ್ಬಕ್ಕೆ ಚಿಗಳಿ, ತಂಬಿಟ್ಟು, ಶೇಂಗಾ ಉಂಡೆ ಮಾಡುವಾಗ ಮಕ್ಕಳು ಪಕ್ಕದಲ್ಲೇ ಕೂತು ಉಂಡೆ ಕಟ್ಟುತ್ತಾರೆ.

ಇಲ್ಲಿ ಒಂದು ಗುಟ್ಟಿದೆ. ಹಬ್ಬದ ದಿನ ಒಲೆ ಹಚ್ಚದಿದ್ದರೂ ಶೇಂಗಾ ಹಿಂದಿನ ದಿನವೇ ಹುರಿದಿರುತ್ತದೆ. ಹುರಿಗಡಲೆ ಭಟ್ಟಿಯ ಬಿಸಿ ಮರಳಿನಲ್ಲಿ ಹುರಿದು ಬಂದಿದೆ. ಕಬ್ಬಿನ ಹಾಲು ಕುದಿದೇ ಬೆಲ್ಲವಾಗಿದೆ. ಅಂದರೆ ನಮ್ಮ 'ಒಲೆ ಹಚ್ಚದ' ಸಿಹಿಗಳಲ್ಲೂ ಬೆಂಕಿ ಇದೆ, ಅದು ಮೊದಲೇ ತನ್ನ ಕೆಲಸ ಮುಗಿಸಿದೆ.

ಫಾರ್ವರ್ಡ್ ಬಂದಾಗ ನೋಡಬೇಕಾದದ್ದೂ ಇದನ್ನೇ. ಪಟ್ಟಿಯಲ್ಲಿರುವ ಪ್ರತಿ ಪದಾರ್ಥವೂ ಎಲ್ಲಾದರೂ ಒಮ್ಮೆ ಬೆಂಕಿ ಕಂಡಿದೆಯೇ?

ಬೆಂಕಿ ಕಂಡವು, ಕಾಣದವು

ಬೆಂಕಿ ಕಂಡವು: ಹುರಿದ ಶೇಂಗಾ, ಹುರಿದ ಎಳ್ಳು, ಹುರಿಗಡಲೆ, ಮಂಡಕ್ಕಿ, ಬಿಸ್ಕತ್ತು, ಬ್ರೆಡ್, ಬೆಲ್ಲ, ಕಂಡೆನ್ಸ್ಡ್ ಮಿಲ್ಕ್, ಕಾಯಿಸಿ ಆರಿಸಿದ ಹಾಲು.

ಬೆಂಕಿ ಕಾಣದವು: ಮೈದಾ, ಗೋಧಿ ಹಿಟ್ಟು, ಹಸಿ ಮೊಟ್ಟೆ, ಕಾಯಿಸದ ಹಾಲು.

ಮೊಟ್ಟೆ, ಹಾಲಿನ ವಿಷಯ ಬಹಳ ಜನಕ್ಕೆ ಗೊತ್ತು. ಮೈದಾ, ಗೋಧಿ ಹಿಟ್ಟು ಹಸಿ ಪದಾರ್ಥ ಎಂಬುದೇ ಹೊಳೆಯುವುದಿಲ್ಲ. ಹೊಲದಲ್ಲಿ ಬೆಳೆದ ಕಾಳು ಹಕ್ಕಿ, ದನ, ಇಲಿಗಳ ಹಿಕ್ಕೆ ತಾಗಿಸಿಕೊಂಡಿರಬಹುದು. ಗಿರಣಿಯಲ್ಲಿ ಬೀಸಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ರೊಟ್ಟಿ, ಚಪಾತಿಯಾಗಿ ಬೇಯುವುದರಿಂದ ನಮಗೆ ತೊಂದರೆ ಕಾಣುವುದಿಲ್ಲ, ಅಷ್ಟೇ. 2009ರಲ್ಲಿ ಅಮೆರಿಕದಲ್ಲಿ ಅಂಗಡಿಯಿಂದ ತಂದ ಕುಕ್ಕಿ ಹಿಟ್ಟನ್ನು ಬೇಯಿಸದೆ ತಿಂದ 70ಕ್ಕೂ ಹೆಚ್ಚು ಜನ ಇ. ಕೋಲಿ ಸೋಂಕಿನಿಂದ ಕಾಯಿಲೆ ಬಿದ್ದರು. 2016ರಲ್ಲಿ ಅಲ್ಲೇ ಬರೀ ಗೋಧಿ ಹಿಟ್ಟಿನಿಂದ ಮತ್ತೆ ಹಾಗೆಯೇ ಆಯಿತು.

"ಮೈದಾವನ್ನು ಎರಡು ನಿಮಿಷ ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಸಾಕು" ಎಂಬ ಸಲಹೆಯನ್ನೂ ಕೆಲವು ವಿಡಿಯೊಗಳಲ್ಲಿ ನೋಡಿರುತ್ತೀರಿ. ಇದನ್ನು ನಂಬಬೇಡಿ. ನೀರಿನಂಶ ಇಲ್ಲದ ಒಣ ಪದಾರ್ಥದಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಬಿಸಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ. ಕುದಿಯುವ ನೀರಿನಲ್ಲಿ ಬೇಗ ಸಾಯುವ ರೋಗಾಣು ಒಣ ಹಿಟ್ಟಿನಲ್ಲಿ ಬದುಕಿ ಉಳಿಯಬಹುದು. ಶೇಂಗಾವನ್ನೂ ಬೆಚ್ಚಗೆ ಮಾಡಿ ಇಳಿಸದೆ, ಸಣ್ಣ ಉರಿಯಲ್ಲಿ ಒಳಗಿನ ತನಕ ಹುರಿಯಬೇಕು. ಸಿಪ್ಪೆ ತಾನಾಗಿ ಬಿಡಬೇಕು, ಬೇಳೆ ಮುರಿದರೆ ಕಟುಕ್ ಎನ್ನಬೇಕು.

ಜೇನುತುಪ್ಪದ ಬಗ್ಗೆ ಬೇರೆಯೇ ಎಚ್ಚರಿಕೆ ಬೇಕು. ಒಂದು ವರ್ಷ ತುಂಬದ ಮಗುವಿಗೆ ಅದನ್ನು ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲದು.

ಬೆಂಕಿ ಇಲ್ಲದಾಗ ಕೈಯೇ ಮುಖ್ಯ

1906ರಲ್ಲಿ ನ್ಯೂಯಾರ್ಕ್ ಹತ್ತಿರದ ಒಂದು ಶ್ರೀಮಂತರ ಮನೆಯಲ್ಲಿ 11 ಜನರ ಪೈಕಿ 6 ಮಂದಿಗೆ ಟೈಫಾಯ್ಡ್ ಬಂತು. ಮೇರಿ ಮ್ಯಾಲನ್ ಎಂಬ ಅಡುಗೆಯಾಕೆಯ ಮೈಯಲ್ಲಿ ಆ ರೋಗಾಣು ಇತ್ತು, ಆಕೆಗೆ ಮಾತ್ರ ಯಾವ ಕಾಯಿಲೆಯ ಲಕ್ಷಣವೂ ಇರಲಿಲ್ಲ. ಆಕೆ ಬೇಯಿಸಿದ ಊಟದಲ್ಲಿ ರೋಗಾಣು ಬಿಸಿಗೆ ಸತ್ತಿರಬೇಕು. ಹಾಗಾದರೆ ಹರಡಿದ್ದು ಯಾವುದರಿಂದ? ತನಿಖೆ ಮಾಡಿದ ಜಾರ್ಜ್ ಸೋಪರ್ ಬೊಟ್ಟು ಮಾಡಿದ್ದು ಆಕೆ ಹಸಿ ಪೀಚ್ ಹಣ್ಣು ಕೊಯ್ದು ಹಾಕಿ ಮಾಡುತ್ತಿದ್ದ ಐಸ್‌ಕ್ರೀಮಿನತ್ತ. ಅದು ಒಲೆ ಹಚ್ಚದ ಸಿಹಿ!

ಬೇಯಿಸುವ ಅಡುಗೆಯಲ್ಲಿ ಕೈಯ ಕೊಳೆಯನ್ನು ಬೆಂಕಿ ಮನ್ನಿಸುತ್ತದೆ. ಉಂಡೆ ಕಟ್ಟುವಾಗ ಆ ಮನ್ನಣೆ ಇಲ್ಲ. ಹುರಿದ ಮೇಲೆ ಮುಟ್ಟುವ ಪ್ರತಿ ಕೈಯೂ, ಮಿಕ್ಸಿ ಜಾರೂ, ತಟ್ಟೆಯೂ ಶುಚಿಯಾಗಿರಬೇಕು. ಮಕ್ಕಳಿಗೆ ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಿಸಿ, ಉಗುರು ಕತ್ತರಿಸಿ, ಕೈ ಪೂರ್ತಿ ಒಣಗಿಸಿ. ವಾಂತಿ-ಭೇದಿ ಆಗಿರುವ ಮಗು ಆ ದಿನ ನೋಡುತ್ತ ಕೂರಲಿ, ಕಟ್ಟುವುದು ಬೇಡ. ದೊಡ್ಡವರಿಗೂ ಇದೇ ಮಾತು.

ಕೈ ಒಣಗಿರಬೇಕು ಎನ್ನುವುದಕ್ಕೆ ಕಾರಣವಿದೆ. ಹುರಿದ ಶೇಂಗಾ, ಬೆಲ್ಲದ ಉಂಡೆ ಹಲವು ದಿನ ಕೆಡದಿರುವುದು ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವಷ್ಟು ನೀರು ಇಲ್ಲದ್ದರಿಂದ. ಹಾಲು ಚಿಮುಕಿಸಿದರೆ, ಹಸಿ ಕಾಯಿತುರಿ ಹಾಕಿದರೆ ಲೆಕ್ಕ ಬದಲಾಗುತ್ತದೆ. ಅಕ್ಕಿ ನೆನೆಸಿ, ಕುಟ್ಟಿ, ಬೆಲ್ಲ ಸೇರಿಸಿ ಕಟ್ಟುವ ಹಸಿ ತಂಬಿಟ್ಟೂ ಹಾಗೆಯೇ. ಅಂಥವನ್ನು ಮಾಡಿದ ದಿನವೇ ತಿಂದು ಮುಗಿಸಬೇಕು, ಬೇಸಿಗೆಯಲ್ಲಿ ಹೊತ್ತು ಕಳೆಯಲು ಬಿಡಬಾರದು.

ಬೆಂಕಿಯಿಂದಲೂ ಹೋಗದ ಒಂದು ವಿಷ

ಹುರಿದರೂ ಪೂರ್ತಿ ಹೋಗದ ಒಂದು ಅಪಾಯ ಶೇಂಗಾದಲ್ಲಿ ಇರಬಹುದು. ಅದು ಅಫ್ಲಾಟಾಕ್ಸಿನ್, ಒಂದು ಬಗೆಯ ಬೂಷ್ಟು ಹುಟ್ಟಿಸುವ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ಹಾಕಿದ್ದ ಶೇಂಗಾ ಹಿಂಡಿಯಲ್ಲಿ ಇದು ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತಿನಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದಲೇ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರ್‌ಗೂ ಕಾರಣವಾಗಬಲ್ಲದು.

ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ಬಿಸಿಲು ಏರಿದರೆ ಈ ಬೂಷ್ಟು ಹೊಲದಲ್ಲೇ ಹತ್ತಿಕೊಳ್ಳುತ್ತದೆ. ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ ಅಲ್ಲೂ ಬೆಳೆಯುತ್ತದೆ. ಬರ ಕಾಣುತ್ತಲೇ ಇರುವ ಸೀಮೆಯವರು ಇದನ್ನು ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು. ಮುಂಗಾರಿನ ಶೇಂಗಾ ಬೇಸಿಗೆ ರಜೆಯ ಹೊತ್ತಿಗೆ ತಿಂಗಳುಗಟ್ಟಲೆ ಚೀಲದಲ್ಲಿ ಕೂತಿರುತ್ತದೆ ಎಂಬುದೂ ನೆನಪಿರಲಿ.

ಹೆದರಿ ಶೇಂಗಾ ಬಿಡಬೇಕಿಲ್ಲ. ಈ ವಿಷ ಸಾಮಾನ್ಯವಾಗಿ ಎಲ್ಲ ಬೀಜಗಳಲ್ಲಿ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕೆಟ್ಟ ಬೀಜಗಳಲ್ಲಿ ತುಂಬಿರುತ್ತದೆ. ಹಾಗಾಗಿ ಆರಿಸುವುದೇ ದೊಡ್ಡ ರಕ್ಷಣೆ. ಮುದುಡಿದ್ದು, ಕಪ್ಪಾದದ್ದು, ಹಸಿರು ಅಥವಾ ಹಳದಿ ಬೂಷ್ಟು ಹಿಡಿದದ್ದು, ಹುಳು ಕೊರೆದದ್ದು, ಎಲ್ಲವನ್ನೂ ತೆಗೆದು ಎಸೆಯಿರಿ. ದನಕ್ಕೂ ಹಾಕಬೇಡಿ, ಹಾಲಿನ ಮೂಲಕ ವಿಷ ಮತ್ತೆ ಮನೆಗೇ ಬರುತ್ತದೆ. ಬಾಯಿಗೆ ಕಹಿ ಎನಿಸಿದ ಬೀಜವನ್ನು ನುಂಗದೆ ಉಗಿಯಲು ಮಕ್ಕಳಿಗೆ ಹೇಳಿಕೊಡಿ. ತಟ್ಟೆಯಲ್ಲಿ ಶೇಂಗಾ ಹರಡಿ "ಯಾರು ಹೆಚ್ಚು ಕೆಟ್ಟ ಬೀಜ ಹುಡುಕುತ್ತೀರಿ?" ಎಂದರೆ ಸಾಕು, ಅವರಿಗೆ ಅದೇ ಆಟ.

ಮಾಡಿ ನೋಡಿ: ಶೇಂಗಾ ಮೊಟ್ಟೆ, ಕೊಬ್ಬರಿ ಗೂಡು

ವಿಡಿಯೊದ ಚಾಕೊಲೇಟ್ ಮೊಟ್ಟೆ ನಮ್ಮ ಬೇಸಿಗೆಗೆ ಒಗ್ಗುವುದಿಲ್ಲ. ಚಾಕೊಲೇಟಿನ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಚಳ್ಳಕೆರೆಯ ಏಪ್ರಿಲ್ ಮಧ್ಯಾಹ್ನ ಅದನ್ನು ಸುಲಭವಾಗಿ ದಾಟುತ್ತದೆ. ಶೇಂಗಾಕ್ಕೆ ಆ ತೊಂದರೆ ಇಲ್ಲ. ಕುಟ್ಟಿದಾಗ ಅದರೊಳಗಿನ ಎಣ್ಣೆಯೇ ಹೊರಬಂದು ಬೆಲ್ಲದ ಪುಡಿಯನ್ನು ಹಿಡಿದಿಡುತ್ತದೆ. ತುಪ್ಪವೂ ಬೇಡ, ಫ್ರಿಜ್ಜೂ ಬೇಡ.

ಬೇಕಾದದ್ದು: ಆರಿಸಿ ಹುರಿದ ಶೇಂಗಾ 250 ಗ್ರಾಂ, ಹುರಿಗಡಲೆ 50 ಗ್ರಾಂ, ಬೆಲ್ಲ 150 ಗ್ರಾಂ, ಏಲಕ್ಕಿ, ಹುರಿದ ಎಳ್ಳು ಒಂದು ಹಿಡಿ, ಒಣಕೊಬ್ಬರಿ ತುರಿ.

ಹುರಿಯುವುದು, ಮಿಕ್ಸಿ ತಿರುಗಿಸುವುದು ದೊಡ್ಡವರ ಕೆಲಸ. ಆರಿದ ಶೇಂಗಾವನ್ನು ಉಜ್ಜಿ ಸಿಪ್ಪೆ ಬಿಡಿಸುವುದು, ಮೊರದಲ್ಲಿ ಕೇರುವುದು, ಬೆಲ್ಲ ಪುಡಿ ಮಾಡುವುದು ಮಕ್ಕಳದು. ಪಾಕ ಮಾಡಿ ಸೋಸುವ ಅವಕಾಶ ಇಲ್ಲಿಲ್ಲ, ಆದ್ದರಿಂದ ಬೆಲ್ಲದ ಪುಡಿಯನ್ನು ಜರಡಿ ಹಿಡಿದು ಕಲ್ಲು, ಕಸ ತೆಗೆಯಿರಿ. ಹುರಿಗಡಲೆಯನ್ನು ನುಣ್ಣಗೆ, ಶೇಂಗಾವನ್ನು ತರಿತರಿಯಾಗಿ ಪುಡಿ ಮಾಡಿ, ಬೆಲ್ಲ, ಏಲಕ್ಕಿ ಸೇರಿಸಿ ಇನ್ನೊಂದು ಸುತ್ತು ತಿರುಗಿಸಿ. ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವಂತಾದರೆ ಸಾಕು. ಮಕ್ಕಳು ಅದನ್ನು ಪುಟ್ಟ ಮೊಟ್ಟೆಗಳಂತೆ ಕಟ್ಟಿ, ಎಳ್ಳಿನಲ್ಲಿ ಹೊರಳಿಸಿ ಚುಕ್ಕೆ ಮೂಡಿಸಲಿ. ಕೊಬ್ಬರಿ ತುರಿಯ ಗೂಡು ಮಾಡಿ ಮೂರು ಮೊಟ್ಟೆ ಇಟ್ಟರೆ ಹಬ್ಬ ಸಿದ್ಧ.

ಬಣ್ಣ ಬೇಕೇಬೇಕು ಎಂದು ಮಕ್ಕಳು ಹಟ ಹಿಡಿದರೂ ಹೆಸರಿಲ್ಲದ ಬಣ್ಣದ ಪುಡಿ ತರಬೇಡಿ. ಜಾತ್ರೆಗಳಲ್ಲಿ ಮಾರುವ ಬಣ್ಣದ ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಎಂಬ ಬಟ್ಟೆಗೆ ಹಾಕುವ ಬಣ್ಣ ಪತ್ತೆಯಾಗಿ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು.

ಇಡೀ ಬೀಜ ಪುಟ್ಟ ಮಕ್ಕಳಿಗೆ ಬೇಡ

5 ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಅಲಂಕಾರಕ್ಕೂ ಚುಚ್ಚಬೇಡಿ. ಅದು ಉಸಿರುನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಈ ವಯಸ್ಸಿನವರಿಗೆ ನುಣ್ಣನೆ ಪುಡಿ ಮಾಡಿ, ಕೂರಿಸಿ ತಿನ್ನಿಸಿ. ಓಡುತ್ತ, ನಗುತ್ತ ತಿನ್ನುವುದು ಬೇಡ.

ಗಂಟಲಿಗೆ ಸಿಕ್ಕಿದರೆ ಅನ್ನದ ತುತ್ತು, ಬಾಳೆಹಣ್ಣು ನುಂಗಿಸಬೇಡಿ, ನೀರು ಕುಡಿಸಬೇಡಿ, ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗದಿದ್ದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ತಟ್ಟಿ. ಹೋಗದಿದ್ದರೆ, ಒಂದು ವರ್ಷ ದಾಟಿದ ಮಗುವಾದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೆ, ಮೇಲಕ್ಕೆ 5 ಸಲ ಒತ್ತಿ. ಎಳೆಗೂಸಾದರೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ 5 ಸಲ ಒತ್ತಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಜೊತೆಗೆ ಬರುವ ಮೂರು ಮಾತು

"ಬೆಲ್ಲದ್ದು ತಾನೇ, ಎಷ್ಟು ತಿಂದರೂ ಏನೂ ಆಗಲ್ಲ." ತಪ್ಪು. ಬೆಲ್ಲದಲ್ಲಿ ಬಹುಪಾಲು ಸಕ್ಕರೆಯೇ ಇದೆ, ಹಲ್ಲಿಗೂ ರಕ್ತದ ಸಕ್ಕರೆಗೂ ಅದು ಸಕ್ಕರೆಯಂತೆಯೇ. ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು 10 ಶೇಕಡಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 5 ವರ್ಷದ ಮಗುವಿಗೆ ಅದು ಸುಮಾರು 30 ಗ್ರಾಂ. ಮೇಲಿನ ಅಳತೆಯಲ್ಲಿ 22 ಮೊಟ್ಟೆ ಮಾಡಿದರೆ ಒಂದರಲ್ಲಿ ಸುಮಾರು 7 ಗ್ರಾಂ ಬೆಲ್ಲ ಇರುತ್ತದೆ. ದಿನಕ್ಕೆ ಒಂದೋ ಎರಡೋ ಸಾಕು.

"ಸಿಹಿ ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತೆ." ಇಲ್ಲ. ಹುಳದ ಮೊಟ್ಟೆ ಅಥವಾ ಮರಿ ಮಣ್ಣಿನಿಂದ, ಕೊಳೆ ಕೈಯಿಂದ, ಬರಿಗಾಲಿನಿಂದ ಬರುತ್ತದೆ. ಸಿಹಿ ಕಟ್ಟುವ ಮುನ್ನ ಕೈ ತೊಳೆಯದಿದ್ದರೆ ಮಾತ್ರ ಸಿಹಿಯ ಜೊತೆ ಹುಳದ ಮೊಟ್ಟೆಯೂ ಒಳಗೆ ಹೋಗಬಹುದು.

"ಬೇಯಿಸದಿದ್ದರೆ ಸತ್ವ ಜಾಸ್ತಿ." ಕೆಲವು ಹಣ್ಣು ತರಕಾರಿಗಳಲ್ಲಿ ಸಿ ಜೀವಸತ್ವದ ಮಟ್ಟಿಗೆ ನಿಜ. ಶೇಂಗಾ ಹುರಿದ ಮೇಲೂ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್ ಕೊಡುತ್ತದೆ. ಹಸಿ ಹಿಟ್ಟು ತಿಂದು ಸಿಗುವ ಸತ್ವಕ್ಕಿಂತ ಅಪಾಯವೇ ಹೆಚ್ಚು.

ಫಾರ್ವರ್ಡ್ ಮಾಡುವ ಮುನ್ನ

ಒಲೆ ಹಚ್ಚದ ಸಿಹಿಯ ವಿಡಿಯೊ ಬಂದಾಗ ನಾಲ್ಕು ವಿಷಯ ನೋಡಿ. ಹಸಿ ಹಿಟ್ಟು, ಹಸಿ ಮೊಟ್ಟೆ, ಕಾಯಿಸದ ಹಾಲು ಇದೆಯೇ? ಹೆಸರಿಲ್ಲದ ಬಣ್ಣ ಇದೆಯೇ? ಪುಟ್ಟ ಮಕ್ಕಳ ಕೈಗೆ ಇಡೀ ಬೀಜ ಕೊಟ್ಟಿದ್ದಾರೆಯೇ? ನೀರಿನಂಶ ಇರುವ ಸಿಹಿಯನ್ನು ದಿನಗಟ್ಟಲೆ ಇಡಲು ಹೇಳಿದ್ದಾರೆಯೇ? ಒಂದಕ್ಕಾದರೂ ಹೌದು ಎಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ಎಲ್ಲಕ್ಕೂ ಇಲ್ಲ ಎಂದರೆ ಧಾರಾಳವಾಗಿ ಹಂಚಿ, ಮಕ್ಕಳನ್ನು ಕರೆದು ಕೈ ತೊಳೆಸಿ, ಮೊರ ಕೊಟ್ಟು ಕೂರಿಸಿ.