ಪಟ್ಟ ಅವರಿಗೆ, ಡೋಲು ನಮಗೆ

ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಕುರ್ಚಿ ಸ್ವಲ್ಪ ಅಲುಗಾಡಿದರೆ ಸಾಕು, 'ದಲಿತ ಮುಖ್ಯಮಂತ್ರಿ' ಎಂಬ ಮಾತು ಪೇಪರಿನ ಮುಖಪುಟಕ್ಕೆ ಬರುತ್ತದೆ. ಕುರ್ಚಿ ಗಟ್ಟಿಯಾದ ಮರುದಿನ ಆ ಮಾತು ಮಾಯ. ಮಂಗಳೂರಿನ ನಮಗೆ ಈ ಆಟ ಚೆನ್ನಾಗಿ ಗೊತ್ತುಂಟು. ನಮ್ಮ ತುಳುನಾಡಿನಲ್ಲಿ ಇದಕ್ಕೆ ಅಜಲು ಎನ್ನುತ್ತಾರೆ.

ಅಜಲು ಎಂದರೆ ಎಂತದೆಂದು ಘಟ್ಟದ ಮೇಲಿನ ಗೆಳೆಯರಿಗೆ ಹೇಳಬೇಕು. ಊರಿನ ಒಡೆಯರ ಕಂಬಳಕ್ಕೆ, ಉತ್ಸವಕ್ಕೆ ನಮ್ಮ ಕೊರಗ ಬಂಧುಗಳು ಡೋಲು ಬಾರಿಸಬೇಕು. ಕೋಣಗಳು ಓಡುವ ಮುಂಚೆ ಗದ್ದೆಯಲ್ಲಿ ಅವರು ಕೋಣಗಳ ಹಾಗೆ ಓಡಬೇಕು. ಉಳ್ಳವರ ಮನೆಯ ಪೀಡೆ ಕಳೆಯಲಿಕ್ಕೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಬೇಕು. ಪೀಡೆ ಇವರ ಹೊಟ್ಟೆಗೆ, ಸೌಖ್ಯ ಅವರ ಮನೆಗೆ! ಈ ಅಮಾನುಷ ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕರ್ನಾಟಕ ಸರ್ಕಾರ ಕಾನೂನನ್ನೇ ಮಾಡಬೇಕಾಯಿತು. ರಾಜಕೀಯದ ಅಜಲನ್ನು ನಿಷೇಧಿಸುವ ಕಾನೂನು ಮಾತ್ರ ಬಂದಿಲ್ಲ.

ಲೆಕ್ಕ ಕೊಡುತ್ತೇವೆ, ನೋಡಿ. ಮಲ ಹೊರುವ ಪದ್ಧತಿಗೆ ಕೊನೆ ಹಾಡಲು ಹೊರಟ ಮಂತ್ರಿ ಬಿ. ಬಸವಲಿಂಗಪ್ಪನವರು 1973ರಲ್ಲಿ 'ಬೂಸಾ' ಎಂಬ ಒಂದು ಮಾತಿಗೆ ಅಧಿಕಾರ ಕಳೆದುಕೊಂಡರು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2008ರ ತನಕ ಸತತ ಒಂಬತ್ತು ಸಲ ವಿಧಾನಸಭೆಗೆ ಗೆದ್ದರು, ವಿರೋಧ ಪಕ್ಷದ ನಾಯಕರಾಗಿ ಪಕ್ಷ ಕಟ್ಟಿದರು. 1999ರಲ್ಲಿ ಪಟ್ಟ ಎಸ್.ಎಂ. ಕೃಷ್ಣರಿಗೆ. 2004ರಲ್ಲಿ ಧರಂ ಸಿಂಗ್‌ಗೆ. 2013ರಲ್ಲಿ ಸಿದ್ದರಾಮಯ್ಯನವರಿಗೆ. ಆ 2013ರ ಚುನಾವಣೆಯಲ್ಲಿ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿ ಪಕ್ಷವನ್ನು ಗೆಲ್ಲಿಸಿದ ಜಿ. ಪರಮೇಶ್ವರ್ ಕೊರಟಗೆರೆಯಲ್ಲಿ ತಾವೇ ಸೋತುಹೋದರು. 2018ರಲ್ಲಿ ಅವರಿಗೆ ಉಪಮುಖ್ಯಮಂತ್ರಿ ಎಂಬ ಪಕ್ಕದ ಕುರ್ಚಿ ಸಿಕ್ಕಿತು.

2022ರಲ್ಲಿ ಖರ್ಗೆಯವರನ್ನು ಅಖಿಲ ಭಾರತ ಅಧ್ಯಕ್ಷರನ್ನಾಗಿ ಮಾಡಿದರು. ಯಾವಾಗ? 2014, 2019 ಎರಡು ಲೋಕಸಭಾ ಚುನಾವಣೆಗಳಲ್ಲಿ ಪಕ್ಷ ನೆಲಕಚ್ಚಿದ ಮೇಲೆ. ಮನೆಗೆ ಪೀಡೆ ಹಿಡಿದಾಗಲೇ ನಮ್ಮವರ ನೆನಪು! 2023ರ ಮೇ ತಿಂಗಳಲ್ಲಿ 135 ಶಾಸಕರು ಗೆದ್ದು ಬಂದರು, ಒಂದು ಸಾಲಿನ ನಿರ್ಣಯ ಬರೆದು ನಾಯಕನನ್ನು ಆರಿಸುವ ಅಧಿಕಾರವನ್ನು ಅದೇ ಖರ್ಗೆಯವರ ಕೈಗೆ ಕೊಟ್ಟರು. ಮೂರು ಸಲ ಕುರ್ಚಿ ತಪ್ಪಿದ ಮನುಷ್ಯ ಬೇರೆ ಇಬ್ಬರ ನಡುವೆ ಪಂಚಾಯ್ತಿಗೆ ಕೂತರು. 2025ರ ಜೂನ್‌ನಲ್ಲಿ ಮುಖ್ಯಮಂತ್ರಿ ಬದಲಾವಣೆಯ ಬಗ್ಗೆ ಕೇಳಿದರೆ ಅದು ಹೈಕಮಾಂಡ್ ಕೈಯಲ್ಲಿ ಉಂಟು ಎಂದರು. ಅಲ್ಲ ಮಾರಾಯ್ರೆ, ಪಕ್ಷದ ಅಧ್ಯಕ್ಷನೇ ಹೈಕಮಾಂಡ್ ಅಲ್ಲವಾದರೆ ಹೈಕಮಾಂಡ್ ಯಾರು?

ಕಾಂಗ್ರೆಸ್ಸನ್ನು ಮಾತ್ರ ಬೈದರೆ ಬಿಜೆಪಿಯವರಿಗೆ ಖುಷಿಯಾದೀತು. ಅವರ ಅಂಗಳಕ್ಕೂ ಹೋಗೋಣ. ನಮ್ಮ ಜಿಲ್ಲೆಯ ಸುಳ್ಯ ಮೀಸಲು ಕ್ಷೇತ್ರದಲ್ಲಿ ಎಸ್. ಅಂಗಾರ 1994ರಿಂದ 2018ರ ತನಕ ಆರು ಚುನಾವಣೆ ಗೆದ್ದರು. 2008ರಿಂದ 2013ರ ನಡುವೆ ಬಿಜೆಪಿ ಮೂವರು ಮುಖ್ಯಮಂತ್ರಿಗಳನ್ನು ಮಾಡಿತು. ಅವರಲ್ಲಿ ಒಬ್ಬರು, 2011ರಲ್ಲಿ ಬಂದ ಡಿ.ವಿ. ಸದಾನಂದ ಗೌಡರು, ಅದೇ ಸುಳ್ಯ ತಾಲೂಕಿನವರು. ಮೂವರಿಗೂ ಅಂಗಾರ ಕಣ್ಣಿಗೆ ಬೀಳಲಿಲ್ಲ. ಮಂತ್ರಿ ಪದವಿ ಸಿಕ್ಕಿದ್ದು 2021ರ ಜನವರಿಯಲ್ಲಿ, 2023ಕ್ಕೆ ಟಿಕೆಟೇ ಇಲ್ಲ. ಒಂದೇ ತಾಲೂಕು, ಒಂದೇ ಪಕ್ಷ. ಬೇರೆಯಾಗಿದ್ದು ಎಂತದು, ನಾವೇ ಬಾಯಿಬಿಟ್ಟು ಹೇಳಬೇಕಾ?

'ಯೋಗ್ಯತೆ ಇದ್ದವರಿಗೆ ಪಟ್ಟ' ಎಂದು ಉಪದೇಶ ಮಾಡುವವರಿದ್ದಾರೆ. ಪಕ್ಕದ ಆಂಧ್ರದಲ್ಲಿ ದಾಮೋದರಂ ಸಂಜೀವಯ್ಯ 1960ರಲ್ಲೇ ಮುಖ್ಯಮಂತ್ರಿಯಾದರು. ಮಹಾರಾಷ್ಟ್ರದಲ್ಲಿ 2003ರಲ್ಲಿ ಸುಶೀಲ್ ಕುಮಾರ್ ಶಿಂಧೆ ಆದರು. ಉತ್ತರಪ್ರದೇಶದಲ್ಲಿ ಮಾಯಾವತಿ ಯಾರ ಲಕೋಟೆಗೂ ಕಾಯಲಿಲ್ಲ. ಬಸವಣ್ಣನ ಹೆಸರು ಹೇಳಿ ಎದೆ ತಟ್ಟಿಕೊಳ್ಳುವ ಈ ನಾಡಿನಲ್ಲಿ ಮಾತ್ರ 1947ರಿಂದ 2023ರ ತನಕ ಪ್ರಮಾಣವಚನ ತೆಗೆದುಕೊಂಡ ಮುಖ್ಯಮಂತ್ರಿಗಳಲ್ಲಿ ಒಬ್ಬನೂ ನಮ್ಮವನಿಲ್ಲ. 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿಯವರು ನೂರಕ್ಕೆ 17 ಮಂದಿ. ಅಷ್ಟು ಜನರಲ್ಲಿ ಯೋಗ್ಯತೆ ಇದ್ದವನು ಒಬ್ಬನೂ ಹುಟ್ಟಲಿಲ್ಲವಾ?

ಈಗ ದೂರದ ಒಂದು ದೇಶದ ಕಥೆ ಕೇಳಿ. ಆಫ್ರಿಕಾದ ದಕ್ಷಿಣ ಭಾಗದಲ್ಲಿ ಮಲಾವಿ ಎಂಬ ಬಡದೇಶ. 2012ರ ಏಪ್ರಿಲ್ 5ರಂದು ಅಧ್ಯಕ್ಷ ಬಿಂಗು ವಾ ಮುಥಾರಿಕಾ ತೀರಿಕೊಂಡರು. ಉಪಾಧ್ಯಕ್ಷೆ ಜಾಯ್ಸ್ ಬಾಂಡಾ ಅವರನ್ನು ಆತನ ಪಕ್ಷ 2010ರಲ್ಲೇ ಹೊರಗೆ ಹಾಕಿತ್ತು. ಅಧ್ಯಕ್ಷನ ತಮ್ಮ ಪೀಟರ್‌ನನ್ನು ಕುರ್ಚಿಯಲ್ಲಿ ಕೂರಿಸಲು ಆಸ್ಥಾನದವರು ಸಾವಿನ ಸುದ್ದಿಯನ್ನೇ ಮುಚ್ಚಿಟ್ಟರು. ಆದರೆ ಸಂವಿಧಾನದಲ್ಲಿ ಬರೆದಿತ್ತು: ಅಧ್ಯಕ್ಷ ಸತ್ತರೆ ಉಪಾಧ್ಯಕ್ಷರೇ ಅಧ್ಯಕ್ಷರು. ಏಪ್ರಿಲ್ 7ರಂದು ಬಾಂಡಾ ಪ್ರಮಾಣವಚನ ತೆಗೆದುಕೊಂಡರು. ಆಕೆ ಹೇಗೆ ಆಳಿದರು ಎಂಬುದು ಬೇರೆ ಮಾತು. 2014ರಲ್ಲಿ ಜನರೇ ಆಕೆಯನ್ನು ಸೋಲಿಸಿ ಆ ತಮ್ಮನನ್ನು ಗೆಲ್ಲಿಸಿದರು. ಅದು ಜನರ ತೀರ್ಪು. ಆಸ್ಥಾನದ ಪಿಸುಮಾತಲ್ಲ.

ಈ ಕಥೆ ಯಾಕೆ ಹೇಳಿದೆವೆಂದರೆ, ನಿಯಮ ಬರೆದಿಟ್ಟ ಕಡೆ ಹೊರಗೆ ಹಾಕಿದವರಿಗೂ ಕುರ್ಚಿ ಸಿಗುತ್ತದೆ. ನಮ್ಮ ಲಾಲ್‌ಬಾಗಿನ ಮಹಾನಗರ ಪಾಲಿಕೆಯನ್ನೇ ನೋಡಿ. ಮೇಯರ್ ಸ್ಥಾನಕ್ಕೆ ಮೀಸಲಾತಿಯ ಸರದಿ ಬರೆದಿಟ್ಟಿದೆ. ಸರದಿ ಬಂದಾಗ ನಮ್ಮವರನ್ನು ಕೂರಿಸದೆ ಯಾವ ಪಕ್ಷಕ್ಕೂ ಗತಿಯಿಲ್ಲ. ಪಂಚಾಯತುಗಳಲ್ಲೂ ಹಾಗೆಯೇ. 'ಒಮ್ಮತ', 'ವರಿಷ್ಠರ ತೀರ್ಮಾನ' ಎಂಬ ಬರೆಯದ ಶಾಸ್ತ್ರ ಇರುವಲ್ಲಿ ಮಾತ್ರ ನಮಗೆ ಡೋಲು. ಬರೆಯದ ಶಾಸ್ತ್ರ ಯಾವತ್ತೂ ಉಳ್ಳವನ ಶಾಸ್ತ್ರವೇ.

36 ಮೀಸಲು ಕ್ಷೇತ್ರಗಳ ಶಾಸಕರು ಎಂತ ಮಾಡುತ್ತಾರೆ ಎಂದು ಕೇಳಬಹುದು. 1932ರ ಪೂನಾ ಒಪ್ಪಂದದಲ್ಲಿ ಬಾಬಾಸಾಹೇಬರು ಒತ್ತಡಕ್ಕೆ ಸಿಕ್ಕಿ ಬಿಟ್ಟುಕೊಟ್ಟದ್ದರ ಫಲ ಇದು. ನಮ್ಮ ಹೆಸರಿನ ಸೀಟು, ಗೆಲ್ಲಿಸುವ ಓಟು ಬೇರೆಯವರದ್ದು. ಒಡೆಯನ ಮುಖ ನೋಡದೆ ಕೈ ಎತ್ತುವ ಧೈರ್ಯ ಎಲ್ಲಿಂದ ಬರಬೇಕು?

1990ರಲ್ಲಿ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ವೀರೇಂದ್ರ ಪಾಟೀಲರನ್ನು ಇಳಿಸುವ ಸುದ್ದಿ ಹೇಳಿ ಹೋದರು. ಲಿಂಗಾಯತರು ಆ ಅವಮಾನ ಮರೆಯಲಿಲ್ಲ, 1994ರಲ್ಲಿ ಕಾಂಗ್ರೆಸ್ ಮಣ್ಣು ಮುಕ್ಕಿತು. 1999ರ ಅವಮಾನಕ್ಕೆ ಯಾರು ದಂಡ ಕಟ್ಟಿದರು? ಯಾರೂ ಇಲ್ಲ. ದಂಡ ಕಟ್ಟಬೇಕಾಗಿಲ್ಲ ಎಂದು ಗೊತ್ತಾದ ಮೇಲೆ ಯಾವ ಒಡೆಯ ಹೆದರುತ್ತಾನೆ?

ನಮಗೆ ಬೇಕಾದ್ದು ಗೋಡೆಗೆ ತೂಗುಹಾಕುವ ಫೋಟೋ ಅಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ಹೆಸರಿಗೆ ತೆಗೆದಿಟ್ಟ ಡಿ.ಸಿ. ಮನ್ನಾ ಭೂಮಿಗೆ ಈ ಜಿಲ್ಲೆಯಲ್ಲಿ ದಶಕಗಳಿಂದ ಧರಣಿ ಕೂತಿದ್ದೇವೆ. 2023-24ರಲ್ಲಿ ನಮ್ಮ ಉಪಯೋಜನೆಯ 11,000 ಕೋಟಿಗೂ ಮಿಕ್ಕಿದ ಹಣ ಗ್ಯಾರಂಟಿಗಳಿಗೆ ಹೋಯಿತು. ದಲಿತ ಫಲಾನುಭವಿಗಳಿಗೇ ಕೊಟ್ಟೆವು ಎಂದು ಸಮಜಾಯಿಷಿ ಬಂತು. ಎಲ್ಲರಿಗೂ ಕೊಡುವುದನ್ನು ನಮಗೆ ಕೊಡುವಾಗ ಮಾತ್ರ ನಮ್ಮ ಜೇಬಿನಿಂದಲೇ ತೆಗೆಯುವುದು ಯಾವ ನ್ಯಾಯ? ಸಂಪುಟದಲ್ಲಿ ನಮ್ಮ ಮಂತ್ರಿಗಳು ಇದ್ದರು. ಕೀಲಿಕೈ ಅವರಲ್ಲಿ ಇರಲಿಲ್ಲ.

ದಲಿತರ ಮಕ್ಕಳು ಓದಿ, ಕಾರಿನಲ್ಲಿ ಹೋಗಿ, ಆ ಕಾರಿನ ಧೂಳು ತನ್ನ ತಲೆಗೆ ಬೀಳಬೇಕೆಂದು ಬಯಸಿದವರು ಇದೇ ಮಂಗಳೂರಿನ ಕುದ್ಮುಲ್ ರಂಗರಾಯರು. ಕಾರು ಬಂತು, ಕೆಂಪು ದೀಪದ್ದೂ ಬಂತು. ಸ್ಟೇರಿಂಗ್ ಇನ್ನೊಬ್ಬರ ಕೈಯಲ್ಲಿದೆ.

ಆದ್ದರಿಂದ ನಾವು ಹೇಳುವುದು ಇಷ್ಟು. ಶಾಸಕರು ನಾಯಕನನ್ನು ಆರಿಸಲು ಹಾಕಿದ ಮತದ ಲೆಕ್ಕ ದಿಲ್ಲಿಗೆ ಹೋಗಬಾರದು, ಅದೇ ದಿನ ಬೆಂಗಳೂರಿನಲ್ಲಿ ಜನರ ಮುಂದೆ ಎಣಿಸಬೇಕು. ಒಂದು ಸಾಲಿನ ನಿರ್ಣಯಕ್ಕೆ ಸಹಿ ಹಾಕುವ ಮೊದಲು ಮೀಸಲು ಕ್ಷೇತ್ರದ ಶಾಸಕರು ಪಕ್ಷ ಬಿಟ್ಟು ಒಟ್ಟಿಗೆ ಕೂರಬೇಕು. 'ದಲಿತ ಮುಖ್ಯಮಂತ್ರಿ' ಎನ್ನುತ್ತಾ ನಮ್ಮ ಕಾಲನಿಗೆ ಬರುವವರು ಮೊದಲು ಭೂಮಿಯ, ಹಣದ ಲೆಕ್ಕ ತೆಗೆದುಕೊಂಡು ಬರಬೇಕು. ಲೆಕ್ಕವಿಲ್ಲದೆ ಬಂದವರ ಮೆರವಣಿಗೆಗೆ ನಮ್ಮ ಡೋಲು ಇಲ್ಲ.