ದೀಪದ ವಿಷಮಜ್ವರ

ನಮ್ಮ ಆಯುರ್ವೇದ ಗ್ರಂಥಗಳಲ್ಲಿ ವಿಷಮಜ್ವರವೆಂಬ ವ್ಯಾಧಿಯ ವರ್ಣನೆಯಿದೆ. ಪ್ರತಿದಿನವೂ ಒಂದು ಹೊತ್ತಿಗೆ ಬಂದು ಬಿಡುವುದು ಅನ್ಯೇದ್ಯುಷ್ಕ. ದಿನ ಬಿಟ್ಟು ದಿನ ಬರುವುದು ತೃತೀಯಕ. ನಡುವೆ ಎರಡು ದಿನ ಬಿಟ್ಟು ಬರುವುದು ಚತುರ್ಥಕ. ಈ ಜ್ವರದ ಚಮತ್ಕಾರವೇನೆಂದರೆ, ವೈದ್ಯರು ಬಂದು ನಾಡಿ ಹಿಡಿಯುವ ವೇಳೆಗೆ ರೋಗಿ ಎದ್ದು ಕುಳಿತು ಕಾಫಿ ಕುಡಿಯುತ್ತಿರುತ್ತಾನೆ. ಜ್ವರವಿಲ್ಲವೆಂದು ಹೇಳಿ ವೈದ್ಯರು ಬೀದಿಯ ತಿರುವು ದಾಟುವುದೇ ತಡ, ರೋಗಿಗೆ ಮತ್ತೆ ನಡುಕ! ಮನುಷ್ಯನಿಗೆ ಮಾತ್ರವಲ್ಲ, ಯಂತ್ರಕ್ಕೂ ಈ ಜ್ವರ ಬರುತ್ತದೆ. ಲಾರಿಯ ಹೆಡ್‌ಲೈಟಿಗೆ ಬಂದಾಗಲಂತೂ ಅದರ ಸಂಕಟ ಮಾಲೀಕನೊಬ್ಬನಿಗೇ ಸೀಮಿತವಲ್ಲ.

ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿಗೆ ಹೋಗುವ ದಾರಿಯಲ್ಲಿ ರಾತ್ರಿಯ ಹೊತ್ತು ಓಡಾಡಿದವರಿಗೆ ಇದು ಸುಲಭವಾಗಿ ತಿಳಿದೀತು. ಕೋಲಾರದ ಟೊಮೆಟೊ ತುಂಬಿದ ಲಾರಿ ಬೆಳಗಾಗುವುದರೊಳಗೆ ದೂರದ ಪೇಟೆಯನ್ನು ಸೇರಬೇಕು. ಅದೇ ಹೊತ್ತಿಗೆ ರೈಲಿಳಿದು ಸ್ಕೂಟರಿನಲ್ಲಿ ಮನೆ ಸೇರುವ ಸಂಸಾರವಂದಿಗರೂ ಅದೇ ರಸ್ತೆಯಲ್ಲಿರುತ್ತಾರೆ. ಗಂಟೆಗೆ 60 ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಹೋಗುತ್ತದೆ. ದೀಪ ಮೂರು ಸೆಕೆಂಡು ಕಣ್ಣುಮುಚ್ಚಿದರೆ ಲಾರಿ 50 ಮೀಟರು ಕುರುಡಾಗಿ ಓಡಿತೆಂದೇ ಲೆಕ್ಕ. ಆ 50 ಮೀಟರಿನಲ್ಲಿ ಯಾರಿದ್ದಾರು, ಏನಿದ್ದೀತು ಎಂಬುದು ದೈವಕ್ಕೆ ಬಿಟ್ಟ ಮಾತು.

ದೀಪದ ವಿಷಯದಲ್ಲಿ ಈ ಸೀಮೆ ಸಾಮಾನ್ಯವಾದುದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದುಬಂದು ಚಿನ್ನದ ಗಣಿಯನ್ನು ತಲುಪಿತು. ಬೆಂಗಳೂರಿನ ಬೀದಿಗಳಿಗೆ ಆ ಭಾಗ್ಯ ಒದಗಿದ್ದು 1905ರಲ್ಲಿ. 2001ರಲ್ಲಿ ಗಣಿ ಮುಚ್ಚುವವರೆಗೂ ಭೂಗರ್ಭಕ್ಕಿಳಿಯುತ್ತಿದ್ದವರು ಸೊಂಟಕ್ಕೆ ಬ್ಯಾಟರಿ ಕಟ್ಟಿ, ತಲೆಯ ಮೇಲೆ ದೀಪ ಹೊತ್ತು ನಡೆದವರು. ಮಿಣುಕುವ ದೀಪವನ್ನು ನಂಬಬಾರದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಂಗಾರಪೇಟೆಯಲ್ಲಿ ನನ್ನ ಪರಿಚಯದ ಲಾರಿ ಮಾಲೀಕರೊಬ್ಬರಿದ್ದಾರೆ. ಕಳೆದ ಮಳೆಗಾಲಕ್ಕೆ ಮುನ್ನ ಅವರು ತಮ್ಮ ಲಾರಿಯ ಮುಂಭಾಗಕ್ಕೆ ಭಾರಿ ಕಬ್ಬಿಣದ ಗಾರ್ಡೊಂದನ್ನು ತೊಡಿಸಿ, ಅದರ ಮೇಲೆ ಎರಡು ಹೆಚ್ಚಿನ ದೀಪಗಳನ್ನೂ ಹಾಕಿಸಿದರು. ಲಾರಿಗೆ ಮದುವೆಯ ಗಂಡಿನ ಕಳೆ ಬಂದಿತು. ಆದರೆ ತಿಂಗಳು ಕಳೆಯುವುದರೊಳಗೆ ಹೆಡ್‌ಲೈಟುಗಳೆರಡೂ ದಾರಿಯ ನಡುವೆ ಮಂಕಾಗುವುದು, ಒಮ್ಮೊಮ್ಮೆ ಆರಿಯೇ ಹೋಗುವುದು, ಮರುಕ್ಷಣ ಏನೂ ಆಗದವರಂತೆ ಉರಿಯುವುದು ಮೊದಲಾಯಿತು. ಬಲ್ಬು ಬದಲಾಯಿಸಿದರು, ಎರಡು ದಿನ ಸರಿಯಾಗಿತ್ತು. ಸ್ವಿಚ್ಚು ಬದಲಾಯಿಸಿದರು, ಮೂರು ದಿನ ಸರಿಯಾಗಿತ್ತು. ಶೆಡ್ಡಿನಲ್ಲಿ ನಿಂತಾಗಲಂತೂ ದೀಪ ಹಾಲಿನಂಥ ಬೆಳಕು ಚೆಲ್ಲುತ್ತಿತ್ತು.

ಹಿಮ ಬೀಳುವ ದೇಶಗಳಲ್ಲಿ ಇದು ಹಳೆಯ ಕಥೆ. ಅಲ್ಲಿ ಚಳಿಗಾಲ ಬಂದೊಡನೆ ಲಾರಿಗಳ ಮುಂದೆ ಹಿಮ ತಳ್ಳುವ ದೊಡ್ಡ ಕಬ್ಬಿಣದ ಹಲಗೆಯನ್ನು ಕಟ್ಟುತ್ತಾರೆ. ಹಲಗೆಯನ್ನು ಮೇಲೆತ್ತಿದಾಗ ಅದು ಹೆಡ್‌ಲೈಟಿಗೆ ಅಡ್ಡ ಬರುತ್ತದೆ. ಆದುದರಿಂದ ಇನ್ನೂ ಎತ್ತರದಲ್ಲಿ ಮತ್ತೊಂದು ಜೊತೆ ದೀಪಗಳನ್ನಿಟ್ಟು, ಬೇಕಾದಾಗ ಇದನ್ನು, ಬೇಡವಾದಾಗ ಅದನ್ನು ಉರಿಸಲು ಸ್ವಿಚ್ಚು, ರಿಲೇ, ಕಳಚಿ ಜೋಡಿಸುವ ಪ್ಲಗ್ಗುಗಳನ್ನು ಸೇರಿಸುತ್ತಾರೆ. ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು ನೀರಾಗಿ ಈ ಕೀಲುಗಳೊಳಗೆ ಸೇರಿ ತುಕ್ಕು ಹಿಡಿಸುತ್ತದೆ. ದೀಪಕ್ಕೆ ವಿಷಮಜ್ವರ ಹತ್ತುತ್ತದೆ. ನಮ್ಮಲ್ಲಿ ಹಿಮವೆಲ್ಲಿಯದು ಎನ್ನಬೇಡಿ. ರೋಹ್ತಾಂಗ್, ಜೋಜಿಲಾ ಕಣಿವೆಗಳ ಹಿಮವನ್ನು 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆ ಸಂಸ್ಥೆಯವರು ಯಂತ್ರಗಳಿಂದ ಸರಿಸುತ್ತಾರೆ. ಮುಂದೆ ಹಲಗೆ ಹೊತ್ತ ಬುಲ್‌ಡೋಜರುಗಳು ತಯಾರಾಗುವುದಂತೂ ಚಿನ್ನದ ಗಣಿಯಲ್ಲಿರುವ, 1964ರಲ್ಲಿ ಹುಟ್ಟಿದ ಬೆಮೆಲ್ ಸಂಸ್ಥೆಯ ಕಾರ್ಖಾನೆಯಲ್ಲಿ. ಹಲಗೆಯಾಗಲಿ ಗಾರ್ಡಾಗಲಿ, ಹುಟ್ಟಿನೊಡನೆ ಬಾರದ ಆಭರಣ ತೊಡಿಸಿದಾಗ ಕೀಲುಗಳು ಹೆಚ್ಚುತ್ತವೆ; ಕೀಲು ಹೆಚ್ಚಿದಷ್ಟೂ ಸಂಶಯಕ್ಕೆ ಎಡೆ ಹೆಚ್ಚು.

ನಮ್ಮ ಲಾರಿಯ ರೋಗವನ್ನು ಕಂಡುಹಿಡಿದವರು ಚಿನ್ನದ ಗಣಿಯ ವೃದ್ಧ ಎಲೆಕ್ಟ್ರಿಷಿಯನ್ ಒಬ್ಬರು. ಅವರು ಬಂದೊಡನೆ ಸ್ಕ್ರೂಡ್ರೈವರ್ ಎತ್ತಲಿಲ್ಲ. ಡ್ರೈವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳತೊಡಗಿದರು. "ಒಂದು ದೀಪ ಹೋಗುತ್ತದೋ, ಎರಡೂ ಹೋಗುತ್ತವೋ? ಹಳ್ಳ ಹತ್ತಿದಾಗಲೋ, ಮಳೆ ಬಂದಾಗಲೋ, ಕಾಲು ಗಂಟೆ ಉರಿದ ಮೇಲೋ? ದೀಪ ಮಂಕಾದಾಗ ಬೇರೆ ಯಾವುದಾದರೂ ದೀಪ ಮಿಣಮಿಣ ಎನ್ನುತ್ತದೆಯೋ?" ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ವಯ-ವ್ಯತಿರೇಕವೆಂದು ಹೆಸರು: ಯಾವುದು ಇದ್ದಾಗ ದೋಷವಿರುತ್ತದೆ, ಯಾವುದು ಇಲ್ಲದಾಗ ಇರುವುದಿಲ್ಲ ಎಂಬ ವಿಚಾರ.

ಅವರ ತರ್ಕ ಹೀಗಿತ್ತು. ಒಂದೇ ದೀಪ ಆರಿದರೆ ದೋಷ ಆ ದೀಪದ ಬಳಿಯಲ್ಲಿ: ಅದರ ಬಲ್ಬು, ಹೋಲ್ಡರು, ತಂತಿ. ಎರಡೂ ಒಟ್ಟಿಗೆ ಆರಿದರೆ ಎರಡಕ್ಕೂ ಸಮಾನವಾದ ಸ್ಥಳದಲ್ಲಿ: ಸ್ವಿಚ್ಚು, ಡಿಪ್ಪರು, ರಿಲೇ, ಇಲ್ಲವೇ ಎರಡೂ ಹಂಚಿಕೊಂಡ ಅರ್ಥ್. ಸ್ವಲ್ಪ ಹೊತ್ತು ಉರಿದು ಆರಿ, ತಣಿದ ಮೇಲೆ ತಾನೇ ಹತ್ತಿದರೆ ಬಿಸಿಯ ಕಾಟ. ಕುಲುಕಾಟಕ್ಕೆ ಆರಿದರೆ ಸಡಿಲ ಕೀಲು. ಹೆಡ್‌ಲೈಟು ಮಂಕಾದಾಗ ಹಾಕದೆಯೇ ಇಂಡಿಕೇಟರು ಮಿಣುಕಿದರೆ, ಹಿಂದಿರುಗುವ ದಾರಿ ಮುಚ್ಚಿಹೋದ ವಿದ್ಯುತ್ತು ನೆರೆಮನೆಯ ಹಿತ್ತಿಲಿನಿಂದ ನುಸುಳುತ್ತಿದೆ ಎಂದರ್ಥ. ಡ್ರೈವರು ತಲೆಯಾಡಿಸಿ, "ಹೌದು ಅಣ್ಣಾ, ಇಂಡಿಕೇಟರು ಮಿಣುಕುತ್ತದೆ, ಅದೂ ಹಳ್ಳ ಬಂದಾಗ" ಎಂದ. "ಹಾಗಾದರೆ ಅರ್ಥ್ ಇಲ್ಲ" ಎಂದು ಅವರು ತೀರ್ಪಿತ್ತರು. ಕನ್ನಡದ ಅಧ್ಯಾಪಕನಾದ ನನ್ನ ಕಿವಿಗೆ ಅದು "ಅರ್ಥವಿಲ್ಲ" ಎಂದೇ ಕೇಳಿಸಿತು. ವಿಚಾರಿಸಿದರೆ ಎರಡೂ ಒಂದೇ.

ವಿದ್ಯುತ್ತು ಬ್ಯಾಟರಿಯಿಂದ ಹೊರಟು ದೀಪವನ್ನು ಸೇರಿದರೆ ಸಾಲದು, ಲಾರಿಯ ಮೈಯ ಮೂಲಕ ಮತ್ತೆ ಬ್ಯಾಟರಿಗೆ ಹಿಂದಿರುಗಬೇಕು. ಆ ಹಿಂದಿರುಗುವ ದಾರಿಯೇ ಅರ್ಥ್. ದೀಪ ಉರಿಯುತ್ತಿರುವಾಗಲೇ ಅವರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಹೆಡ್‌ಲೈಟಿನ ಅರ್ಥ್ ತಂತಿಗೂ ಹಿಡಿದರು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದು. ಮೊದಲು ಮುಳ್ಳು ಅಲುಗಲಿಲ್ಲ. ಆಗ ಹುಡುಗನೊಬ್ಬನಿಗೆ ಗಾರ್ಡನ್ನು ಹಿಡಿದು ಜಗ್ಗಲು ಹೇಳಿದರು. ಮುಳ್ಳು 3 ವೋಲ್ಟಿಗೆ ಹಾರಿತು, ದೀಪ ಮಂಕಾಯಿತು. ಹತ್ತು ದಿನ ಕಣ್ಣಾಮುಚ್ಚಾಲೆಯಾಡಿದ ಕಳ್ಳ ಕೊನೆಗೆ ಸಿಕ್ಕಿಬಿದ್ದ.

ಗಾರ್ಡು ತೊಡಿಸಿದವರು ಹೊಸ ದೀಪಗಳ ಮತ್ತು ಹಳೆಯ ಹೆಡ್‌ಲೈಟುಗಳ ಅರ್ಥ್ ತಂತಿಗಳನ್ನೆಲ್ಲ ಕೂಡಿಸಿ, ಬಣ್ಣ ಬಳಿದ ಕಬ್ಬಿಣದ ಮೇಲೆ ಒಂದೇ ಬೋಲ್ಟಿನಡಿ ಬಿಗಿದಿದ್ದರು. ಬಣ್ಣದ ಮೂಲಕ ವಿದ್ಯುತ್ತು ಹರಿಯದು. ಬೋಲ್ಟಿನ ಅಂಚಿನಲ್ಲಿ ಸಿಕ್ಕಷ್ಟು ಜಾಗವೇ ದಾರಿ. ಅದಕ್ಕೂ ಮಳೆಯಿಂದ ತುಕ್ಕು ಹಿಡಿಯಿತು. ನಾಲ್ಕು ದೀಪಗಳೂ ಸೇರಿ ಸುಮಾರು 12 ಆಂಪಿಯರು ಹರಿಯುವಲ್ಲಿ ಕಾಲು ಓಮಿನಷ್ಟು ಅಡ್ಡಿ ಬಂದರೂ 3 ವೋಲ್ಟು ನಷ್ಟ. 24 ವೋಲ್ಟಿನಲ್ಲಿ 3 ಹೋದರೆ ಎಂಟರಲ್ಲೊಂದು ಪಾಲು ತಾನೇ ಎನ್ನಬಹುದು. ಆದರೆ ತಂತುವುಳ್ಳ ಬಲ್ಬಿನ ಸ್ವಭಾವವೇ ಬೇರೆ: ವೋಲ್ಟೇಜು ಎಂಟರಲ್ಲೊಂದು ಪಾಲು ಕುಗ್ಗಿದರೆ ಬೆಳಕು ಮೂರರಲ್ಲೊಂದು ಪಾಲಿಗೂ ಮಿಕ್ಕಿ ಕುಗ್ಗುತ್ತದೆ. ಬೋಲ್ಟು ಪೂರ್ತಿ ಅಲುಗಿದ ಕ್ಷಣದಲ್ಲಂತೂ ಕತ್ತಲೆಯೇ ಗತಿ.

ಹಾಗಾದರೆ ಬಲ್ಬು ಬದಲಾಯಿಸಿದಾಗ ಎರಡು ದಿನ ಸರಿಹೋದದ್ದೇಕೆ? ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದಂತೆ ಎನ್ನೋಣವೆ? ಪೂರ್ತಿ ಹಾಗಲ್ಲ. ಬಲ್ಬು ತೆಗೆಯುವಾಗ ಕೈ ತಗುಲಿ ತಂತಿ ಸ್ವಲ್ಪ ಅಲುಗಿತು, ತುಕ್ಕಿನ ನಡುವೆ ಒಂದಿಷ್ಟು ಹೊಸ ಸ್ಪರ್ಶ ದೊರೆಯಿತು. ಕೀರ್ತಿ ಹೊಸ ಬಲ್ಬಿಗೆ ಸಂದಿತು! ಒಮ್ಮೆಗೆ ಒಂದನ್ನೇ ಬದಲಾಯಿಸಿ, ದೋಷವನ್ನು ಬೇಕೆಂದೇ ಬರಿಸಿ, ಬೇಕೆಂದೇ ಹೋಗಿಸಿ ನೋಡಿದ ಹೊರತು ಇಂತಹ ರೋಗ ವಾಸಿಯಾಯಿತೆಂದು ನಂಬತಕ್ಕದ್ದಲ್ಲ.

ಚಿಕಿತ್ಸೆಗೆ ತಗುಲಿದ್ದು ಅರ್ಧ ದಿನದ ಕೂಲಿ. ಮರಳು ಕಾಗದದಿಂದ ಬಣ್ಣ, ತುಕ್ಕುಗಳನ್ನು ಉಜ್ಜಿ ತೆಗೆದು, ಹಲ್ಲಿನ ವಾಷರು ಹಾಕಿ ಬಿಗಿದು, ಮೇಲೆ ವ್ಯಾಸಲೀನು ಸವರಿದರು. ಹೆಡ್‌ಲೈಟಿಗೆ ಪ್ರತ್ಯೇಕ ಅರ್ಥ್ ತಂತಿ ಎಳೆದು, ಹೆಚ್ಚಿನ ದೀಪಗಳಿಗೆ ಬೇರೆ ರಿಲೇ, ಬೇರೆ ಫ್ಯೂಸು ಕೊಟ್ಟರು. ಫ್ಯೂಸು ಪದೇಪದೇ ಹೋಗುವುದೆಂದು ದಪ್ಪನೆಯ ತಂತಿ ಸುತ್ತುವುದು ಲಾರಿಗೆ ಬೆಂಕಿಯಿಡುವುದಕ್ಕೆ ಸಮವೆಂದೂ ಎಚ್ಚರಿಸಿದರು.

ಲಾರಿಯಿಲ್ಲದ ನಮಗೇಕೆ ಈ ಪುರಾಣವೆಂದು ವಾಚಕರು ಕೇಳಬಹುದು. ಕಾರಿಗೂ ಸ್ಕೂಟರಿಗೂ ಈ ನಿಯಮವೇ ಅನ್ವಯಿಸುತ್ತದೆ. ಮನೆಯ ಗಾಡಿಗೆ ಹೊಸ ದೀಪ, ಹೊಸ ಹಾರ್ನು ಹಾಕಿಸುವ ದಿನ ಅದರ ತಂತಿಯನ್ನು ಎಲ್ಲಿಗೆ ಕೂಡಿಸಿದಿರೆಂದು ಕೇಳಿ ನೋಡಿ. ಊರಿಗೆ ಹೊರಡುವ ಬಾಡಿಗೆ ಕಾರಿನ ದೀಪ ಒಮ್ಮೆ ಮಿಟುಕಿದಾಗ, "ಏನಿಲ್ಲ ಸಾರ್, ತಾನೇ ಸರಿಹೋಗುತ್ತದೆ" ಎಂದು ಡ್ರೈವರು ಸಮಾಧಾನ ಹೇಳಿದರೆ ದಾಕ್ಷಿಣ್ಯಕ್ಕೆ ಒಳಗಾಗಬೇಡಿ. ತಾನೇ ಸರಿಹೋದದ್ದು ತಾನೇ ಕೆಡಲೂ ಬಲ್ಲದು. ಮುಂದಿನ ಊರಿನಲ್ಲಿ ನಿಲ್ಲಿಸಿ ತೋರಿಸಿ. ಮನೆ ಸೇರುವುದು ಒಂದು ಗಂಟೆ ತಡವಾದರೆ ಚಿಂತೆಯಿಲ್ಲ.