ಬೂದಿಯ ಇಳಿಜಾರು ಬರಿದಲ್ಲ

ಬೆಟ್ಟ ಸುಟ್ಟ ಮರುದಿನವೇ ಆಡಳಿತಕ್ಕೆ ಹಸಿರಿನ ಜ್ವರ ಏರುತ್ತದೆ. ಕಪ್ಪು ಇಳಿಜಾರಿನ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ, ಜನ ಮರುಗುತ್ತಾರೆ, ಏನನ್ನಾದರೂ ತಕ್ಷಣ ಬಿತ್ತಬೇಕೆಂಬ ಆದೇಶ ಹೊರಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಈ ಜ್ವರದಲ್ಲಿ ಹಲವು ದಶಕ ನರಳಿತು. ಆ ಕಥೆಯನ್ನು ಇಲಾಖೆಗಳ ಕಡತಗಳಿಂದ ಓದುವುದಕ್ಕಿಂತ ಅಲ್ಲಿನ ಬೂದಿಯಲ್ಲಿ ಏಳುವ ಒಂದು ಪುಟ್ಟ ಗಿಡದ ಬಳಿ ಕುಕ್ಕರಗಾಲಲ್ಲಿ ಕುಳಿತು ನೋಡುವುದು ಮೇಲು.

ಆ ಗಿಡವನ್ನು ಅಲ್ಲಿನವರು ಕ್ಯಾಲಿಫೋರ್ನಿಯಾ ಕಾಟನ್‌ರೋಸ್ ಎನ್ನುತ್ತಾರೆ. ಅದು ಹತ್ತಿಯೂ ಅಲ್ಲ, ಗುಲಾಬಿಯೂ ಅಲ್ಲ. ಸೇವಂತಿಗೆ, ಹುಚ್ಚೆಳ್ಳು, ಗರಗದ ಸೊಪ್ಪುಗಳ ಕುಟುಂಬಕ್ಕೆ ಸೇರಿದ ಏಕವಾರ್ಷಿಕ. ಸಸ್ಯಶಾಸ್ತ್ರದಲ್ಲಿ ಅದು ಹಿಂದೆ ಫಿಲಾಗೊ ಕ್ಯಾಲಿಫೋರ್ನಿಕಾ ಆಗಿತ್ತು, ಈಗ ಲಾಗ್ಫಿಯಾ ಫಿಲಜಿನಾಯ್ಡಿಸ್. (ಫಿಲಾಗೊ ಎಂಬ ಪದದ ಅಕ್ಷರಗಳನ್ನೇ ಕಲಸಿ ಲಾಗ್ಫಿಯಾ ಎಂಬ ಹೆಸರನ್ನು ಕಟ್ಟಿದ್ದಾರೆ, ವಿದ್ವಾಂಸರೂ ಒಮ್ಮೊಮ್ಮೆ ಆಟವಾಡುತ್ತಾರೆ.) ಬಹುಪಾಲು ಗಿಡಗಳು ಗೇಣುದ್ದವನ್ನೂ ಮುಟ್ಟುವುದಿಲ್ಲ. ಮೈತುಂಬ ಬೂದುಬಣ್ಣದ ಉಣ್ಣೆ. ಕೆಲವೇ ಮಿಲಿಮೀಟರಿನ ಹೂಗೊಂಚಲುಗಳಲ್ಲಿ ಸೂರ್ಯಕಾಂತಿಯಂತೆ ಸುತ್ತ ಹರಡಿದ ಎಸಳುಗಳಿಲ್ಲ. ಹೊರಸಾಲಿನ ಒಂದೊಂದು ಹೆಣ್ಣುಹೂವೂ ಉಣ್ಣೆಯ ಹೊದಿಕೆಯೊಳಗೆ ಅಡಗಿರುತ್ತದೆ. ಚಳಿಗಾಲದ ಮಳೆಗೆ ಮೊಳೆತು, ವಸಂತದಲ್ಲಿ ಹೂತು, ಬೇಸಿಗೆಯ ಹೊತ್ತಿಗೆ ಒಣಗಿ ಮುಗಿಯುತ್ತದೆ. ತೆರೆದ ಒಣನೆಲದಲ್ಲಿ ಬೆಂಕಿಯಿಲ್ಲದೆಯೂ ಅದು ಬೆಳೆಯುವುದುಂಟು. ಆದರೆ ಚಾಪರಲ್ ಎಂದು ಕರೆಯಲಾಗುವ ಅಲ್ಲಿನ ದಟ್ಟ ಕುರುಚಲು ಕಾಡಿನ ಇಳಿಜಾರುಗಳಲ್ಲಿ ಅದಕ್ಕೆ ಬಿಸಿಲು ಸಿಗುವುದು ಪೊದೆಗಳು ಸುಟ್ಟ ಮೇಲೆಯೇ.

ಅದು ಒಂಟಿಯಾಗಿಯೂ ಬರುವುದಿಲ್ಲ. ಬೆಂಕಿಯ ನಂತರದ ಮೊದಲ ವಸಂತದಲ್ಲಿ ಹತ್ತಾರು ಬಗೆಯ ಏಕವಾರ್ಷಿಕಗಳು ಒಟ್ಟಿಗೆ ತಲೆಯೆತ್ತುತ್ತವೆ. ಅವುಗಳಲ್ಲಿ ಅನೇಕವುಗಳ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಮಲಗಿದ್ದುದು. ಕೆಲವು ಜಾತಿಯ ಬೀಜಗಳ ಗಟ್ಟಿ ಸಿಪ್ಪೆಯನ್ನು ಶಾಖ ಬಿರಿಯಿಸುತ್ತದೆ. ಮತ್ತೆ ಕೆಲವನ್ನು ಹೊಗೆಯೇ ಎಬ್ಬಿಸುತ್ತದೆ. ಚಾಪರಲ್‌ನ ಒಂದು ಏಕವಾರ್ಷಿಕದ ಬೀಜ ಹೊಗೆಯಲ್ಲಿನ ನೈಟ್ರೋಜನ್ ಡೈಆಕ್ಸೈಡಿಗೆ ಮೊಳೆಯುವುದೆಂದು 1997ರಲ್ಲಿ ಕೀಲಿ ಮತ್ತು ಫಾದರಿಂಗ್ಯಾಮ್ ತೋರಿಸಿದರು. 2004ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಹೊಗೆಯಿಂದ ಬೀಜವನ್ನು ಎಬ್ಬಿಸುವ ಮತ್ತೊಂದು ರಾಸಾಯನಿಕವನ್ನೇ ಬೇರ್ಪಡಿಸಿದರು. ಎಂದರೆ, ಅಧಿಕಾರಿಯ ಕಣ್ಣಿಗೆ ಬರಿದಾಗಿ ಕಾಣುವ ಇಳಿಜಾರು ಆಗಲೇ ಬಿತ್ತನೆಯಾದ ಹೊಲ.

ಆ ಹೊಲದ ಮೇಲೆ ಮನುಷ್ಯ ಮತ್ತೊಮ್ಮೆ ಬಿತ್ತಿದ. 1940ರ ದಶಕದಿಂದ ಸುಟ್ಟ ಬೆಟ್ಟಗಳ ಮೇಲೆ ರೈ ಹುಲ್ಲಿನ ಬೀಜವನ್ನು ಚೆಲ್ಲುವುದು ವಾಡಿಕೆಯಾಯಿತು. ಮುಂದೆ ವಿಮಾನ, ಹೆಲಿಕಾಪ್ಟರುಗಳೂ ಬಂದವು. ದಕ್ಷಿಣ ಯುರೋಪಿನ ಮೂಲದ ಈ ಹುಲ್ಲು ಅಗ್ಗ, ಬೇಗ ಬೆಳೆಯುತ್ತದೆ, ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಮಣ್ಣಿನ ಸವಕಳಿ ತಡೆಯುವುದು ಉದ್ದೇಶ. ಉದ್ದೇಶವನ್ನು ಯಾರೂ ಹಳಿಯಬೇಕಿಲ್ಲ. ಆದರೆ ಫಲವೇನು? ಅಮೆರಿಕದ ಅರಣ್ಯ ಸೇವೆಯ ಸಂಶೋಧಕರೇ 2000ರಲ್ಲಿಯೂ 2004ರಲ್ಲಿಯೂ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಅತ್ಯಂತ ಅಪಾಯದ ಮೊದಲ ಮಳೆಗಾಲದಲ್ಲಿ ಬಿತ್ತನೆಯು ಸವಕಳಿಯನ್ನು ತಡೆದುದಕ್ಕೆ ಪುರಾವೆ ಅತ್ಯಲ್ಪವೆಂದು ಕಂಡಿತು. ಹುಲ್ಲು ಚೆನ್ನಾಗಿ ಬಂದ ಕಡೆಗಳಲ್ಲಿ ನೆಲದ ಸಹಜ ಗಿಡಗಳು ಕಡಿಮೆಯಾಗಿದ್ದವು. ನೆರೆಮನೆಯವನ ಪಾಲನ್ನು ಕಸಿದು ತನ್ನ ಕಣಜ ತುಂಬಿಕೊಂಡವನನ್ನು ಊರಿನ ಉದ್ಧಾರಕನೆನ್ನಬಹುದೇ?

1979ರಲ್ಲಿ ಸ್ಯಾನ್ ಡಿಯೇಗೊ ಪ್ರಾಂತದ ಓಟೇ ಬೆಟ್ಟ ಸುಟ್ಟಿತು. ರೈ ಹುಲ್ಲು ಬಿತ್ತಲಾಯಿತು. ಅದು ಸೊಂಪಾಗಿ ಬೆಳೆದು ಬೇಸಿಗೆಗೆ ಒಣಗಿ ನಿಂತಿತು. ಸಾಮಾನ್ಯವಾಗಿ ಒಮ್ಮೆ ಸುಟ್ಟ ಚಾಪರಲ್ ಮರುವರ್ಷವೇ ಉರಿಯುವಷ್ಟು ಇಂಧನ ಹೊಂದಿರುವುದಿಲ್ಲ. ಈ ಬೆಟ್ಟಕ್ಕೆ ಇಂಧನವನ್ನು ಸರ್ಕಾರವೇ ಒದಗಿಸಿತ್ತು. 1980ರಲ್ಲಿ ಅದೇ ಬೆಟ್ಟದ ಒಂದು ಭಾಗ ಮತ್ತೆ ಉರಿಯಿತು. ಮೊದಲ ಬೆಂಕಿಗೆ ಮೊಳೆತಿದ್ದ ಸಿಯಾನೋಥಸ್ ಎಂಬ ಪೊದೆಯ ಸಸಿಗಳು ಇನ್ನೂ ಹೂಬಿಡುವ ಪ್ರಾಯಕ್ಕೆ ಬಂದಿರಲಿಲ್ಲ, ಮಣ್ಣಿನಲ್ಲಿ ಹೊಸ ಬೀಜ ಸೇರಿರಲಿಲ್ಲ. ಎರಡನೆಯ ಬೆಂಕಿಯ ನಂತರ ಅಲ್ಲಿ ಆ ಪೊದೆ ಹೆಚ್ಚುಕಡಿಮೆ ನಿರ್ನಾಮವಾಯಿತೆಂದು ಜೆಡ್ಲರ್ ಮತ್ತು ಸಂಗಡಿಗರು 1983ರಲ್ಲಿ ದಾಖಲಿಸಿದರು. ಬೆಟ್ಟವನ್ನು ಕಾಯಲೆಂದು ಬಿತ್ತಿದ್ದೇ ಬೆಟ್ಟವನ್ನು ಸುಟ್ಟಿತು.

ಬಿತ್ತನೆಯ ಪರವಾಗಿ ಒಂದು ಗಂಭೀರ ವಾದವಿದೆ, ಅದನ್ನು ಮರೆಮಾಚಬಾರದು. ಸುಟ್ಟ ಬೆಟ್ಟ ಕುಸಿದರೆ ಕೆಳಗಿನ ಊರಿನ ಜನ ಸಾಯುತ್ತಾರೆ. 2018ರ ಜನವರಿ 9ರಂದು ಮಾಂಟಸಿಟೊ ಎಂಬ ಊರಿನ ಮೇಲೆ ಕೆಸರು, ಬಂಡೆಗಳ ಪ್ರವಾಹ ಇಳಿದು 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆದರೆ ಮೇಲಿನ ಬೆಟ್ಟಗಳನ್ನು ಸುಟ್ಟ ಥಾಮಸ್ ಬೆಂಕಿ ಹೊತ್ತಿಕೊಂಡದ್ದು 2017ರ ಡಿಸೆಂಬರ್ 4ರಂದು. ಈ ಐದು ವಾರಗಳಲ್ಲಿ ಯಾವ ಹುಲ್ಲು ಬೇರುಬಿಟ್ಟು ಬಂಡೆಯನ್ನು ಹಿಡಿದೀತು? ಕಡಿದಾದ ಇಳಿಜಾರುಗಳಲ್ಲಿಯಂತೂ ಮಳೆಗೆ ಮೊದಲೇ, ಪೊದೆಗಳ ಆಸರೆ ತಪ್ಪಿದ ಒಣಮಣ್ಣು ತಾನಾಗಿ ಜಾರಿ ಕಣಿವೆ ಸೇರುತ್ತದೆ. ಬೀಜದ ಚೀಲ ಅಲ್ಲಿ ಜನರ ಪ್ರಾಣ ಕಾಯುವುದಿಲ್ಲ. ಹೊತ್ತಿಗೆ ಸರಿಯಾದ ಎಚ್ಚರಿಕೆ, ಜನರ ಸ್ಥಳಾಂತರ, ಕಣಿವೆಯ ಬಾಯಲ್ಲಿ ಮನೆ ಕಟ್ಟಲು ಬಿಡದಿರುವ ಧೈರ್ಯ ಇವು ಕಾಯುತ್ತವೆ. ಅವು ದುಬಾರಿ, ಹೆಲಿಕಾಪ್ಟರಿನಷ್ಟು ಕಣ್ಣಿಗೂ ಬೀಳುವುದಿಲ್ಲ.

ಹಾಗಿದ್ದರೆ ಬೆಂಕಿ ಹಾಕಿದರೇನು ತಪ್ಪು ಎಂದು ಮಲೆನಾಡಿನ ಯಾರಾದರೂ ಈ ಗಿಡವನ್ನು ಸಾಕ್ಷಿ ಕರೆಯುವ ಮುನ್ನ ಎರಡು ಸಂಗತಿಗಳನ್ನು ಗಮನಿಸಬೇಕು. ಚಾಪರಲ್ ಸಹಿಸುವುದು ದಶಕಗಳ ಅಂತರದ ಬೆಂಕಿಯನ್ನು. ಪದೇ ಪದೇ ಸುಟ್ಟಲ್ಲಿ ಅದೂ ಅಳಿದು ಪರದೇಶಿ ಹುಲ್ಲಿನ ಬಯಲಾಗುತ್ತಿದೆ. ಎರಡನೆಯದು, ಶೋಲೆಯ ಮರಗಳ ಬೀಜ ಹೊಗೆಗಾಗಿ ಕಾದಿಲ್ಲ. ಮಲೆನಾಡಿನ ಸುಟ್ಟ ಅಂಚುಗಳಲ್ಲಿ ನುಗ್ಗುವುದೂ ಇದೇ ಸೇವಂತಿಗೆ ಕುಟುಂಬದ ಅಮೆರಿಕದ ಗಿಡವೇ. ಆದರೆ ಅದು ಗೇಣುದ್ದದ ಕಾಟನ್‌ರೋಸ್ ಅಲ್ಲ, ಆಳೆತ್ತರದ ಯುಪಟೋರಿಯಂ. ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಮೇವಾಗುತ್ತದೆ, ಸುಟ್ಟ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ. ಅಲ್ಲಿ ಯುರೋಪಿನ ಹುಲ್ಲು ಮಾಡಿದ್ದನ್ನು ಇಲ್ಲಿ ಅಮೆರಿಕದ ಗಿಡ ಮಾಡುತ್ತಿದೆ.

ಇಲ್ಲಿಯೂ ಬೋಳುಬೆಟ್ಟ ಕಂಡಲ್ಲೆಲ್ಲ ಬೀಜದುಂಡೆ ಎಸೆಯುವ ಉತ್ಸವಗಳು ನಡೆಯುತ್ತಿವೆ. ಯಾವ ಬೀಜ, ಯಾವ ನೆಲದ್ದು, ಆ ಇಳಿಜಾರಿನಲ್ಲಿ ಮೊದಲೇನಿತ್ತು ಎಂದು ಕೇಳುವವರು ವಿರಳ. ಸುಟ್ಟ ಗುಡ್ಡದ ಮೇಲೆ ಯಾರೇ ಏನನ್ನೇ ಬಿತ್ತುವ ಮೊದಲು ಒಂದು ಮಳೆಗಾಲ ಕಾಯಬೇಕು. ಆ ಮಳೆಗಾಲದಲ್ಲಿ ಶಾಲೆಯ ಮಕ್ಕಳೂ ಊರಿನ ಹಿರಿಯರೂ ನಾಲ್ಕು ಗೂಟ ನೆಟ್ಟು, ಹಗ್ಗದಿಂದ ಒಂದು ಚದರ ಮೀಟರಿನ ಚೌಕ ಬಿಗಿದು, ಅದರೊಳಗೆ ತಾನಾಗಿ ಎದ್ದ ಪ್ರತಿಯೊಂದು ಗಿಡವನ್ನೂ ಎಣಿಸಿ ಊರಿನ ಹೆಸರಿನಿಂದಲೇ ಪುಸ್ತಕದಲ್ಲಿ ಬರೆದಿಡಬೇಕು. ಬೀಜದ ಚೀಲ ಹೊತ್ತ ಜೀಪು ಬಂದ ದಿನ ಆ ಪುಸ್ತಕವನ್ನು ಗ್ರಾಮಸಭೆಯ ಮೇಜಿನ ಮೇಲಿಡಬೇಕು.